ಗೀಸರ್ ಆನ್ ಮಾಡಿದರೆ 226 ವೋಲ್ಟ್ 209ಕ್ಕೆ ಇಳಿಯುತ್ತೆ: ಕಾಯಿಲ್ ಬದಲಿಸಲಾ, ವೈರ್ ಎಳೆಸಲಾ?

ಕೆಂಗೇರಿ ಮೂರನೇ ಮಹಡಿ
25 ಲೀಟರ್ ಗೀಸರ್, ಪ್ಲೇಟ್ ಮೇಲೆ 2000 ವ್ಯಾಟ್, 230 ವೋಲ್ಟ್. ಗೀಸರ್ ಆಫ್ ಇದ್ದಾಗ ಸಾಕೆಟ್‌ನಲ್ಲಿ 226 ಇರುತ್ತೆ, ಗೀಸರ್ ಓಡುವಾಗ 209. ಕ್ಲಾಂಪ್ ಮೀಟರಿನಲ್ಲಿ (ವೈರ್ ಸುತ್ತ ಹಿಡಿದು ಆಂಪ್ ಅಳೆಯೋದು) 7.9 ಆಂಪ್. ಗುಣಿಸಿದರೆ 1651 ವ್ಯಾಟ್ ಅಷ್ಟೇ. ಮೇನ್ ಬೋರ್ಡಿನಿಂದ ಬಚ್ಚಲಿಗೆ 18 ಮೀಟರ್, 1.5 ಸ್ಕ್ವೇರ್ ಎಂಎಂ ತಾಮ್ರ. ಮಾಡಿಸಿದವರು ಹೇಳಿ, ಯಾವುದಕ್ಕೆ ದುಡ್ಡು ಹಾಕಲಿ?

ರಾಜಾಜಿನಗರ 4 ಸ್ಕ್ವೇರ್
ವೈರ್ ಎಳೆಸಿ, ಯೋಚನೆಯೇ ಬೇಡ. ನಮ್ಮದು 3 ಕಿಲೋವ್ಯಾಟ್ ಇನ್‌ಸ್ಟಂಟ್. ಕಾಯಿಲ್ 17.6 ಓಮ್. ರಾತ್ರಿ ಲೈನಿನಲ್ಲಿ 250 ಬಂದಾಗ 14.2 ಆಂಪ್, ಅಂದರೆ 3545 ವ್ಯಾಟ್ ಎಳೆಯುತ್ತೆ. ಪ್ಲೇಟ್ ನೋಡಿ ವೈರ್ ಆರಿಸುವವರು ಈ 545 ವ್ಯಾಟ್ ಮರೀತಾರೆ. 4 ಸ್ಕ್ವೇರ್ ಎಂಎಂ 55 ಮೀಟರ್‌ಗೆ ₹5,200, 20 ಆಂಪ್ ಎಂಸಿಬಿ (ಕರೆಂಟ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್) ₹260, ಸ್ವಿಚ್ ಸಮೇತ 16 ಆಂಪ್ ಸಾಕೆಟ್ ₹420, ಕೂಲಿ ₹2,800. ಹಳೇ ಪೈಪಿನ ಎರಡು ಬೆಂಡಿನಲ್ಲಿ ವೈರ್ ಸಿಕ್ಕಿಕೊಂಡು ಗೋಡೆ ಒಡೆದಿದ್ದಕ್ಕೆ, ಟೈಲ್ಸ್ ಸೇರಿ ₹3,600. ಒಟ್ಟು ₹12,280. ಇವತ್ತಿಗೂ ಪ್ಲಗ್ ತಣ್ಣಗಿದೆ.

ಓಮ್ ಲೆಕ್ಕ
ಸಾರ್, ಅವರ ಅಂಕಿ ಓದದೆ ಹನ್ನೆರಡು ಸಾವಿರ ಖರ್ಚು ಹಚ್ಚಬೇಡಿ. 209 ಭಾಗಿಸು 7.9, ಬರುತ್ತೆ 26.45 ಓಮ್. 230ರ ವರ್ಗ 52,900, ಅದನ್ನು 2000ದಿಂದ ಭಾಗಿಸಿದರೂ 26.45. ಕಾಯಿಲ್ ಹೊಸದರ ಹಾಗಿದೆ. ವ್ಯಾಟ್ ಕಮ್ಮಿ ಬರುತ್ತಿರುವುದು ವೋಲ್ಟ್ ಕಮ್ಮಿ ಇರುವುದಕ್ಕೆ. ವೋಲ್ಟ್ ಇಳಿದರೆ ಆಂಪೂ ಇಳಿಯುತ್ತೆ, ಹಾಗಾಗಿ ಪವರ್ ವೋಲ್ಟಿನ ವರ್ಗದ ಜೊತೆ ಇಳಿಯುತ್ತೆ. 22 ಡಿಗ್ರಿ ನೀರು 60ಕ್ಕೆ ಬರಲು 33 ನಿಮಿಷದ ಬದಲು 40 ಹಿಡಿಯುತ್ತೆ.

ವೈರಿನ ಪಾಲು ಎಷ್ಟು? ಹೋಗಿ ಬರುವ ದಾರಿ 36 ಮೀಟರ್, 1.5 ಸ್ಕ್ವೇರ್ ಎಂಎಂಗೆ ಕಿಲೋಮೀಟರಿಗೆ 12.1 ಓಮ್. ಹಾಗಾಗಿ 0.44 ಓಮ್, 7.9 ಆಂಪಿಗೆ 3.4 ವೋಲ್ಟ್. 4 ಸ್ಕ್ವೇರ್ ಹಾಕಿದರೂ (ಕಿಲೋಮೀಟರಿಗೆ 4.61) ಉಳಿತಾಯವಾಗುವುದು ಎರಡು ವೋಲ್ಟ್. ಬಿದ್ದಿರೋದು ಹದಿನೇಳು! ಗೀಸರ್ ಓಡುವಾಗಲೇ ಮೇನ್ ಬೋರ್ಡಿನಲ್ಲಿ ಅಳೆಯಿರಿ. ಆಮೇಲೆ ಸಾಕೆಟ್‌ನಲ್ಲಿ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ವೈರ್) ಮತ್ತು ಅರ್ಥ್ ನಡುವೆ ನೋಡಿ. ವೈರ್ ಸರಿ ಇದ್ದರೆ ಮೇನ್ ಬೋರ್ಡಿಗಿಂತ 1.7 ವೋಲ್ಟ್ (3.4ರ ಅರ್ಧ) ಮಾತ್ರ ಜಾಸ್ತಿ ಇರಬೇಕು. ಲೈವ್ ಅಳತೆ, ಕೈ ಒಣಗಿರಲಿ, ಬಚ್ಚಲ ನೆಲದ ಮೇಲೆ ನಿಂತು ಮಾಡಬೇಡಿ.

ರಾಜಾಜಿನಗರ 4 ಸ್ಕ್ವೇರ್
ಎರಡು ವೋಲ್ಟ್‌ಗೆ ಅಂತ ಯಾರೂ 4 ಸ್ಕ್ವೇರ್ ಹಾಕಲ್ಲ. ಗೋಡೆ ಒಳಗೆ ವೈರ್ ಬಿಸಿಯಾಗಬಾರದು ಅಂತ ಹಾಕೋದು. ಲೆಕ್ಕ ಬಲ್ಲವರಿಗೆ ಇದೂ ಗೊತ್ತಿರಬೇಕು.

ಮಲ್ಟಿಮೀಟರ್ ಮಹಾಲಕ್ಷ್ಮಿಪುರಂ
ಇಷ್ಟೆಲ್ಲ ಯಾಕೆ? ಮೇನ್ ಆಫ್ ಮಾಡಿ, ಮಲ್ಟಿಮೀಟರ್ ಓಮ್‌ಗೆ ಇಟ್ಟು ವೈರ್ ಅಳೆದರೆ ಮುಗೀತು. ನಾನು ಎಲ್ಲಾ ಸರ್ಕ್ಯೂಟ್ ಹಾಗೇ ಚೆಕ್ ಮಾಡ್ತೀನಿ.

ಓಮ್ ಲೆಕ್ಕ
ಮುಗಿಯಲ್ಲ. ಮಲ್ಟಿಮೀಟರ್ ಬಿಡುವುದು ಮಿಲಿಆಂಪ್ ಲೆಕ್ಕದ ಕರೆಂಟ್. ಕರಿಹಿಡಿದ ಜಾಯಿಂಟ್ ತಣ್ಣಗಿದ್ದಾಗ ಚೆನ್ನಾಗೇ ತೋರಿಸುತ್ತೆ, ಎಂಟು ಆಂಪ್ ಹರಿದು ಬಿಸಿಯಾದ ಮೇಲೆ ಬಾಯಿ ಬಿಡುತ್ತೆ. ಮೀಟರಿನ ಲೀಡ್‌ಗಳೇ 0.2ರಿಂದ 0.5 ಓಮ್ ಇರುತ್ತವೆ, 0.44 ಓಮ್ ಹುಡುಕುವಾಗ ಅದನ್ನು ಏನು ಮಾಡ್ತೀರಿ? ಕಾಯಿಲ್ ಅಳೆಯಲು ಸರಿ: ಪ್ಲಗ್ ಕಿತ್ತು, ನೀರು ತಣ್ಣಗಿದ್ದು ಥರ್ಮೋಸ್ಟಾಟ್ ಕೂಡಿಕೊಂಡಿರುವಾಗ, ಫೇಸ್–ನ್ಯೂಟ್ರಲ್ ಪಿನ್‌ಗಳ ಮಧ್ಯೆ.

ಕೆಂಗೇರಿ ಮೂರನೇ ಮಹಡಿ
ಅಳೆದೆ. ಮೇನ್ ಬೋರ್ಡ್ 223. ನ್ಯೂಟ್ರಲ್–ಅರ್ಥ್ ಸಾಕೆಟ್‌ನಲ್ಲಿ 13, ಬೋರ್ಡಿನಲ್ಲಿ 1.

ಓಮ್ ಲೆಕ್ಕ
ಸಿಕ್ಕಿತು. ಮನೆಯೊಳಗೆ 14 ವೋಲ್ಟ್ ಬೀಳುತ್ತಿದೆ, ವೈರಿನದು 3.4. ನ್ಯೂಟ್ರಲ್–ಅರ್ಥ್ 1.7ರ ಬದಲು 12 ಏರಿದೆ, ಹಾಗಾಗಿ ಉಳಿದ ಸುಮಾರು 10.6 ನ್ಯೂಟ್ರಲ್ ದಾರಿಯ ಯಾವುದೋ ಒಂದು ಜಾಯಿಂಟ್‌ನಲ್ಲಿದೆ, 1.34 ಓಮ್. 10.6 ಗುಣಿಸು 7.9, ಸುಮಾರು 84 ವ್ಯಾಟ್. ಸೀಸ ಕರಗಿಸುವ ಸೋಲ್ಡರಿಂಗ್ ಐರನ್ ಇರೋದು 25 ವ್ಯಾಟ್; ಅದರ ಮೂರು ಪಟ್ಟು ಆ ಒಂದು ಜಾಯಿಂಟ್‌ನಲ್ಲಿ ಕೂತಿದೆ. ಗೀಸರ್ ಇವತ್ತೇ ನಿಲ್ಲಿಸಿ. ಸಾಕೆಟ್‌ನ ನ್ಯೂಟ್ರಲ್ ಸ್ಕ್ರೂ, ಜಂಕ್ಷನ್ ಬಾಕ್ಸ್, ನ್ಯೂಟ್ರಲ್ ಲಿಂಕ್ (ಬೋರ್ಡಿನಲ್ಲಿ ನ್ಯೂಟ್ರಲ್ ವೈರ್‌ಗಳೆಲ್ಲ ಸೇರುವ ಪಟ್ಟಿ), ಈ ಮೂರು ಕಡೆ ತೆಗೆಸಿ ನೋಡಿಸಿ. ಕಪ್ಪಾದ ತುದಿ ಕತ್ತರಿಸಿ ಹೊಸ ತಾಮ್ರ ಬರುವಷ್ಟು ಸುಲಿದು ಕನೆಕ್ಟರ್ ಹಾಕಿಸಿ. ತಿರುಚಿ ಟೇಪ್ ಸುತ್ತಿದರೆ ಮತ್ತೆ ಅದೇ ಕಥೆ.

ವೈರಿಂಗ್ ಕೆಲಸ, ಪೀಣ್ಯ
ತಿರುಚಿ ಟೇಪ್ ಸುತ್ತಿದ್ದೆಲ್ಲ ಕೆಟ್ಟದ್ದು ಅನ್ನೋದು ಪುಸ್ತಕದ ಮಾತು ಸ್ವಾಮಿ. ಎಂಟು ಸುತ್ತು ಬಿಗಿಯಾಗಿ ಹಾಕಿ ಬೆಸುಗೆ ಕೊಟ್ಟ ಜಾಯಿಂಟ್ ಯಾವ ಕನೆಕ್ಟರಿಗೂ ಕಮ್ಮಿ ಇಲ್ಲ. ಕೈಕೆಲಸ ಕೆಟ್ಟರೆ ಕನೆಕ್ಟರೂ ಸುಡುತ್ತೆ. ಎಂಸಿಬಿ ಎಷ್ಟರದು ಅಂತ ಯಾರೂ ಕೇಳಲಿಲ್ಲ ನೋಡಿ! 1.5 ಸ್ಕ್ವೇರ್‌ಗೆ 32 ಆಂಪ್ ಹಾಕಿದ ಬೋರ್ಡ್ ಈ ಊರಲ್ಲಿ ಎಷ್ಟು ಬೇಕು. ಎಂಸಿಬಿ ಕಾಯೋದು ವೈರನ್ನ, ಗೀಸರನ್ನಲ್ಲ. 10 ಆಂಪ್ ಹಾಕಿಸಿ, ನಿಮ್ಮ ಎಂಟು ಆಂಪಿಗೆ ಸಾಕು.

ರಾಜಾಜಿನಗರ 4 ಸ್ಕ್ವೇರ್
16 ಆಂಪ್ ಸಾಕೆಟ್‌ಗೆ 1.5 ವೈರ್ ಬಿಟ್ಟು 10 ಆಂಪ್ ಎಂಸಿಬಿ ಅಂತ ಹೇಳಿಕೊಡೋದಾ? ನಾಳೆ ಅಲ್ಲೇ 3 ಕಿಲೋವ್ಯಾಟ್ ಹಾಕುವವನಿಗೆ?

ವೈರಿಂಗ್ ಕೆಲಸ, ಪೀಣ್ಯ
ಓಡುತ್ತಾ ಹೋದರೆ ಟ್ರಿಪ್ ಆಗಬಹುದು. ಅದಕ್ಕೇ ಇರೋದು ಅದು.

ಬೋರ್‌ವೆಲ್ ಮನೆ, ಹೆಸರಘಟ್ಟ ರಸ್ತೆ
ನಮ್ಮ 1 ಎಚ್‌ಪಿ ಪಂಪ್ 230 ವೋಲ್ಟಿಗೆ 7.5 ಆಂಪ್ ತೋರಿಸುತ್ತೆ, 1725 ವ್ಯಾಟ್ ಆಯ್ತು. 1 ಎಚ್‌ಪಿ ಅಂದರೆ 746 ಇರಬೇಕಿತ್ತಲ್ಲ. ₹1,900 ಕೊಟ್ಟು ರಿವೈಂಡಿಂಗ್ ಮಾಡಿಸಿದ್ದು ದಂಡ.

ಓಮ್ ಲೆಕ್ಕ
ಮೋಟರಿಗೆ ವೋಲ್ಟ್ ಗುಣಿಸು ಆಂಪ್ ಮಾಡಿದರೆ ವಿಎ (ವೋಲ್ಟ್-ಆಂಪ್) ಬರುತ್ತೆ, ವ್ಯಾಟ್ ಅಲ್ಲ. ಪವರ್ ಫ್ಯಾಕ್ಟರ್ (ವಿಎಯಲ್ಲಿ ನಿಜವಾದ ವ್ಯಾಟ್ ಎಷ್ಟು ಪಾಲು ಅನ್ನೋದು) ಬಿಟ್ಟಿರಿ. 746 ಶಾಫ್ಟಿನಲ್ಲಿ ಸಿಗುವ ಶಕ್ತಿ. ಲೈನಿನಿಂದ ಎಳೆಯುವುದು ಅದಕ್ಕಿಂತ ಬಹಳ ಜಾಸ್ತಿ. ಪಂಪ್ ಒಂದೇ ಓಡಿಸಿ ಕರೆಂಟ್ ಮೀಟರಿನ ಕೆಂಪು ದೀಪ ನಿಮಿಷಕ್ಕೆ ಎಷ್ಟು ಸಲ ಮಿನುಗುತ್ತೆ ಎಣಿಸಿ. ಮೀಟರ್ ಮೇಲೆ ಯೂನಿಟಿಗೆ 3200 ಅಂತ ಇದ್ದರೆ, ಎಣಿಸಿದ್ದನ್ನು 60ರಿಂದ ಗುಣಿಸಿ 3200ರಿಂದ ಭಾಗಿಸಿ. 66 ಸಲ ಬಂದರೆ 1.24 ಕಿಲೋವ್ಯಾಟ್, ಪವರ್ ಫ್ಯಾಕ್ಟರ್ 0.72. ರಿವೈಂಡಿಂಗ್ ಕೆಟ್ಟಿದೆ ಅನ್ನಲು 7.5 ಆಂಪ್ ಒಂದೇ ಸಾಕ್ಷಿ ಸಾಲದು.

ಬೋರ್‌ವೆಲ್ ಮನೆ, ಹೆಸರಘಟ್ಟ ರಸ್ತೆ
ವೋಲ್ಟ್ ಇಳಿದರೆ ಗೀಸರ್ ಆಂಪ್ ಇಳಿಯುತ್ತೆ ಅಂದ್ರಿ. ನಮ್ಮ ಪಂಪ್ 190 ವೋಲ್ಟಿನಲ್ಲಿ 9 ಆಂಪಿಗೆ ಏರುತ್ತೆ. ನಿಮ್ಮ ನಿಯಮ ಎಲ್ಲಿ ಹೋಯ್ತು?

ವೈರಿಂಗ್ ಕೆಲಸ, ಪೀಣ್ಯ
ಕಾಯಿಲ್ ಬರೀ ರೆಸಿಸ್ಟೆನ್ಸ್, ಸಿಕ್ಕಷ್ಟು ತಗೊಂಡು ಸುಮ್ಮನಿರುತ್ತೆ. ಮೋಟರ್ ಮೇಲೆ ನೀರೆತ್ತುವ ಭಾರ ಹಾಗೇ ಇರುತ್ತೆ, ವೋಲ್ಟ್ ಕಮ್ಮಿಯಾದರೆ ಆಂಪ್ ಹೆಚ್ಚು ಎಳೆಯುತ್ತೆ. ವೈಂಡಿಂಗ್ ಸುಡೋದು ಅಲ್ಲೇ. ಓವರ್‌ಲೋಡ್ ರಿಲೇಯನ್ನ (ಆಂಪ್ ಮಿತಿ ಮೀರಿದರೆ ಮೋಟರ್ ನಿಲ್ಲಿಸೋದು) ಮೋಟರ್ ಪ್ಲೇಟಿನ ಆಂಪಿಗೆ ಸೆಟ್ ಮಾಡಿಸಿ, ಪದೇಪದೇ ಟ್ರಿಪ್ ಆಗುತ್ತೆ ಅಂತ ತಿರುಗಿಸಿ ಏರಿಸಬೇಡಿ.