2016 ಡಿಸೈರ್ ಡೀಸೆಲ್, ಮೀಟರ್ 58 ಸಾವಿರ ತೋರಿಸ್ತಿದೆ, ನಂಬಬಹುದಾ?

ಹಾಸನದ ಹುಡುಗ

ಎಲ್ರಿಗೂ ನಮಸ್ಕಾರ. ಅಪ್ಪನಿಗೋಸ್ಕರ ಒಂದು ಸೆಕೆಂಡ್ ಹ್ಯಾಂಡ್ ಕಾರ್ ನೋಡ್ತಿದ್ದೀನಿ. ತಿಂಗಳಿಗೆ ಎರಡು ಸಲ ಮಂಗಳೂರಿಗೆ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು, ಶಿರಾಡಿ ಘಾಟ್ ಇಳಿದು ಹತ್ತೋ ದಾರಿ, ಹಾಗಾಗಿ ಗಾಡಿ ಮಧ್ಯದಲ್ಲಿ ಕೈ ಕೊಡಬಾರ್ದು ಅನ್ನೋದೊಂದೇ ನನಗೆ ಬೇಕಾಗಿರೋದು. ಇಲ್ಲೇ ಒಂದು ಕಾರ್ ಕನ್ಸಲ್ಟೆನ್ಸಿಲಿ 2016ರ ಸ್ವಿಫ್ಟ್ ಡಿಸೈರ್ ವಿಡಿಐ ಇದೆ, ಸಿಂಗಲ್ ಓನರ್, ಆಫೀಸಿಗೆ ಮಾತ್ರ ಓಡ್ಸಿರೋದು ಅಂತಾರೆ, ಮೀಟರಲ್ಲಿ 58,400. ಕೇಳ್ತಿರೋದು 4.65 ಲಕ್ಷ. ಇದೇ ವರ್ಷದ ಇದೇ ಮಾಡೆಲ್ ಲಕ್ಷದ ಮೇಲೆ ಓಡಿರೋದು ಬೇರೆ ಕಡೆ 3.80ರ ಆಸುಪಾಸಿಗೆ ಸಿಗ್ತಿದೆ, ಅಂದ್ರೆ ನಾನು ಹೆಚ್ಚಿಗೆ ಕೊಡ್ತಿರೋದು ಬರೀ ಕಮ್ಮಿ ಓಡಿದೆ ಅನ್ನೋ ಕಾರಣಕ್ಕೆ.

ಓಡ್ಸಿ ನೋಡ್ದೆ, ಇಂಜಿನ್ ಸ್ಮೂತಾಗಿದೆ, ಏಸಿ ಚೆನ್ನಾಗಿದೆ, ಹೊರಗೆ ಪಾಲಿಶ್ ಹೊಡ್ದು ಫಳಫಳ ಅಂತಿದೆ. ಆದ್ರೆ ಸ್ಟೀರಿಂಗ್ ಹಿಡಿಯೋ ಜಾಗ ಸವೆದು ಗಾಜಿನ ಥರ ಮಿಂಚ್ತಿದೆ, ಮೂರು ಪೆಡಲ್ ರಬ್ಬರೂ ಹೊಚ್ಚ ಹೊಸದು. ಸರ್ವಿಸ್ ರೆಕಾರ್ಡ್ ಕೇಳಿದ್ರೆ ಹೊರಗಡೆ ಮಾಡ್ಸಿದ್ದು, ಬಿಲ್ ಇಲ್ಲ ಅಂದ್ರು. ನಾಳೆ ಸಂಜೆ ಒಳಗೆ 10 ಸಾವಿರ ಟೋಕನ್ ಹಾಕಿಲ್ಲ ಅಂದ್ರೆ ಬೇರೆ ಪಾರ್ಟಿಗೆ ಕೊಡ್ತೀನಿ ಅಂತಿದಾರೆ. ನನಗೆ ಗಾಡಿ ಬಗ್ಗೆ ಅಷ್ಟಾಗಿ ಗೊತ್ತಿಲ್ಲ, ಏನೇನು ನೋಡ್ಬೇಕು ದಯವಿಟ್ಟು ಹೇಳಿ.

ಹುಬ್ಬಳ್ಳಿ ಗ್ಯಾರೇಜ್

ತಮ್ಮಾ, ಟೋಕನ್ ಕೊಡಬ್ಯಾಡ. ಮೊದಲು ಇದನ್ನ ಓದು.

ನಾ ಗ್ಯಾರೇಜ್ ಹಾಕಿ 18 ವರ್ಷ ಆತು. ಮೀಟರ್ ಬ್ಯಾಕ್ ಮಾಡೂದು ಅಂದ್ರ ಈಗ ಅರ್ಧ ತಾಸಿನ ಕೆಲಸ. ಹಳೇ ಗಾಡ್ಯಾಗ ಅಂಕಿ ಇರೋ ಗಾಲಿ ತಿರಗತಿದ್ವು, ಕೈಲೆ ತಿರಿವಿದ್ರ ಅಂಕಿ ಸಾಲು ಮ್ಯಾಲ ಕೆಳಗ ಆಗಿ ಕಣ್ಣಿಗೆ ಬೀಳತಿತ್ತು. ಈಗ ಡಿಜಿಟಲ್ ಬಂದ ಮ್ಯಾಲ ಕನ್ಸೋಲ್ ಬಿಚ್ಚಿ ಒಳಗಿನ ಸಣ್ಣ ಮೆಮೊರಿ ಚಿಪ್‌ನ್ಯಾಗ ತಮಗ ಬೇಕಾದ ನಂಬರ್ ಬರದು ಮತ್ತ ಕೂಡಿಸ್ತಾರ, ಕೆಲವು ಗಾಡಿಗೆ ಕನ್ಸೋಲ್ ಬಿಚ್ಚೂದೂ ಬ್ಯಾಡ, ವೈರ್ ಚುಚ್ಚಿದ್ರ ಮುಗೀತು. ಮೀಟರ್ ನೋಡಿ ಏನೂ ಗೊತ್ತಾಗಂಗಿಲ್ಲ. ಅದಕ್ಕ ಮೀಟರ್ ಬಿಟ್ಟು ಉಳದದ್ದೆಲ್ಲಾ ನೋಡಬೇಕು.

ಪೆಡಲ್ ರಬ್ಬರ್ ಹೊಸಾವು ಅಂದಿ. 58 ಸಾವಿರಕ್ಕ ಪೆಡಲ್ ರಬ್ಬರ್ ಯಾರೂ ಬದಲಿ ಮಾಡಂಗಿಲ್ಲ, ಅಷ್ಟಕ್ಕ ಅವು ಸವಿಯಂಗೂ ಇಲ್ಲ. ಹಳೇ ರಬ್ಬರ್ ಸವದು ನುಣ್ಣಗಾಗಿದ್ರ ಅಷ್ಟ ಹೊಸದು ಹಾಕ್ತಾರ. ರಬ್ಬರ್ ಬದಲಿ ಮಾಡಬಹುದು, ಆದ್ರ ಅದರ ಹಿಂದಿನ ಕಬ್ಬಿಣದ ತೋಳು ಬದಲಿ ಮಾಡಿರಂಗಿಲ್ಲ. ಕ್ಲಚ್ ಪೆಡಲ್ ಹಿಡದು ಎಡಕ್ಕ ಬಲಕ್ಕ ಅಲ್ಲಾಡಿಸಿ ನೋಡು, ಭಾಳ ಓಡಿದ ಗಾಡ್ಯಾಗ ಪಿನ್ ಸವದು ಲಟಲಟ ಅಂತೈತಿ. ಡ್ರೈವರ್ ಮ್ಯಾಟ್ ಎತ್ತಿ ಹಿಮ್ಮಡಿ ಊರೋ ಜಾಗದಾಗ ಕಾರ್ಪೆಟ್ ನೋಡು. ಡ್ರೈವರ್ ಸೀಟಿನ ಬಾಗಿಲ ಕಡೆ ಅಂಚು ನೋಡು, ಹತ್ತಿ ಇಳದು ಇಳದು ಒಳಗಿನ ಫೋಮ್ ಕುಸದಿರತೈತಿ, ಸೀಟ್ ಕವರ್ ಹಾಕಿದ್ರ ಕವರ್ ತಗಸಿ ನೋಡು. ಹಂಗ ಹಿಂದಿನ ಸೀಟೂ ನೋಡು. ಡಿಸೈರ್ ಅಂದ್ಮ್ಯಾಲ ಇದು ಭಾಳ ಮುಖ್ಯ. ಒಬ್ಬನ ಆಫೀಸಿಗೆ ಹೋಗಿ ಬಂದ ಗಾಡ್ಯಾಗ ಹಿಂದಿನ ಸೀಟು, ಹಿಂದಿನ ಬಾಗಿಲ ಹ್ಯಾಂಡಲ್ ಹೊಸಾದ್ರಂಗ ಇರಬೇಕು, ಅವೂ ಸವದಿದ್ರ ಗಾಡಿ ಬಾಡಿಗಿಗೆ ಓಡೇತಿ ಅಂತ ಅನುಮಾನ ಪಡು. ಯಲ್ಲೋ ಬೋರ್ಡ್ ತಗದು ವೈಟ್ ಬೋರ್ಡ್ ಮಾಡಿಸಿದ ಗಾಡಿ ಭಾಳ ಬರ್ತಾವ.

ಆಮ್ಯಾಲ ಟೈರ್. ಟೈರಿನ ಬಾಜೂಕ ಒಂದು ಸಣ್ಣ ಗೂಡಿನ್ಯಾಗ ನಾಕು ಅಂಕಿ ಇರ್ತಾವ, ಮೊದಲಿನ ಎರಡು ವಾರ, ಕಡೀ ಎರಡು ವರ್ಷ. 3223 ಅಂದ್ರ 2023ರ 32ನೇ ವಾರ ಆತು. ನಾಕೂ ಟೈರ್ ನೋಡು, ಸ್ಟೆಪ್ನಿನೂ ನೋಡು. ಒಂದು ಸೆಟ್ ಟೈರ್ ಸುಮಾರು 40-50 ಸಾವಿರ ಕಿಲೋಮೀಟರ್ ಬರ್ತಾವ. ಸ್ಟೆಪ್ನಿ 2016ರದ ಇದ್ದು ನಾಕೂ ಟೈರ್ ಒಂದ ಸಲ ಬದಲಿ ಆಗಿದ್ರ 58 ಸಾವಿರಕ್ಕ ಲೆಕ್ಕ ಕೂಡತೈತಿ. ಸ್ಟೆಪ್ನಿ 2019ರದು, ಅದೂ ಅರ್ಧ ಸವದದ್ದು, ಕೆಳಗಿನವು 2023ರವು ಅಂದ್ರ ನಡುವ ಒಂದು ಸೆಟ್ ಬಂದು ಹೋಗೇತಿ, ಈಗ ಇರೋದು ಮೂರನೇ ಸೆಟ್, ಕೇಳು ಅವರನ್ನ ಯಾಕಂತ. ಇದೊಂದ ನೋಡಿ ತೀರ್ಮಾನ ಮಾಡಬ್ಯಾಡ, ನಿಂತ ಗಾಡಿ ಟೈರ್ ಬಿರುಕು ಬಿಟ್ಟೂ ಬದಲಿ ಮಾಡಿಸಿರ್ತಾರ.

ಸ್ಕ್ಯಾನರ್ ಇದ್ದ ಮೆಕ್ಯಾನಿಕ್‌ನ ಕರಕೊಂಡು ಹೋಗು. ಸ್ಟೀರಿಂಗ್ ಕೆಳಗ ಓಬಿಡಿ ಪೋರ್ಟ್ ಅಂತ ಸ್ಕ್ಯಾನರ್ ಚುಚ್ಚೋ ಜಾಗ ಇರತೈತಿ. ಕೆಲವು ಗಾಡ್ಯಾಗ ಎರರ್ ಕೋಡ್ ಅಳಿಸಿದ ಮ್ಯಾಲ ಎಷ್ಟು ಕಿಲೋಮೀಟರ್ ಓಡೇತಿ ಅಂತ ಇಂಜಿನ್ ಕಂಪ್ಯೂಟರ್ ಬ್ಯಾರೆನ ಲೆಕ್ಕ ಇಟ್ಟಿರತೈತಿ. ಅದು 65,535ರ ತನಕ ಹೋಗಿ ನಿಲ್ಲತೈತಿ. ಮೀಟರ್ 58 ಸಾವಿರ ಅಂದು ಅದು 65,535 ತೋರಿಸಿದ್ರ ಇನ್ನೇನು ಕೇಳೂದು ಉಳೀತು? ಕಡಿಮಿ ತೋರಿಸಿತು ಅಂತ ಮಾತ್ರ ಗಾಡಿ ಸಾಚಾ ಅನಬ್ಯಾಡ, ಯಾರರೆ ಕೋಡ್ ಅಳಿಸಿದ್ರ ಸೊನ್ನಿಯಿಂದ ಶುರು ಆಗಿರತೈತಿ, ಎಲ್ಲಾ ಗಾಡ್ಯಾಗ ಬರೂದೂ ಇಲ್ಲ.

ಕರಾವಳಿ ಡ್ರೈವ್

ನನ್ನದೊಂದು ಅನುಭವ ಹೇಳ್ತೇನೆ, ಯಾಕಂದ್ರೆ ನೀವು ಹೇಳಿದ್ದು ಓದುವಾಗ ನನಗೆ ಅದೇ ನೆನಪಾಯ್ತು. 2021ರಲ್ಲಿ ನಾನು ಒಂದು ಪೆಟ್ರೋಲ್ ಕಾರ್ ತೆಗೊಂಡೆ, ಮೀಟರಲ್ಲಿ 41 ಸಾವಿರ ಇತ್ತು, ಒಳಗೆ ಹೊರಗೆ ಎಲ್ಲ ಕ್ಲೀನ್, ನಾನು ಮೀಟರ್ ನೋಡಿಯೇ ದುಡ್ಡು ಕೊಟ್ಟದ್ದು. ಮೂರು ತಿಂಗಳಲ್ಲಿ ಚಾರ್ಮಾಡಿ ಹತ್ತುವಾಗ ಕ್ಲಚ್ ಹೋಯ್ತು ಮಾರಾಯ್ರೆ, ಹೆಂಡತಿ ಮಗು ಗಾಡಿಯಲ್ಲಿ, ಹೊರಗೆ ಮಳೆ, ಟೋಯಿಂಗ್ ಬರುವಾಗ ರಾತ್ರಿ ಒಂಬತ್ತು ಗಂಟೆ. ಮರುದಿನ ಗ್ಯಾರೇಜಿನವರು ಬಾನೆಟ್ ಒಳಗೆ ಏರ್ ಫಿಲ್ಟರ್ ಬಾಕ್ಸಿನ ಬದಿಯಿಂದ ಎಣ್ಣೆ ಹಿಡಿದ ಒಂದು ಸ್ಟಿಕ್ಕರ್ ಉಜ್ಜಿ ತೋರಿಸಿದ್ರು. ಆಯಿಲ್ ಚೇಂಜ್ ಮಾಡಿದ ತಾರೀಕು, ಕೆಳಗೆ ಪೆನ್ನಲ್ಲಿ 96,500 ಅಂತ ಬರೆದದ್ದು. ತಾರೀಕು ನಾನು ಗಾಡಿ ತೆಗೊಳ್ಳುವ ಒಂದು ವರ್ಷ ಮೊದಲಿಂದು. ಆ ಸ್ಟಿಕ್ಕರ್ ಒಂದು ಕೀಳ್ಳಿಕ್ಕೆ ಅವರಿಗೆ ಮರ್ತಿತ್ತು, ನನಗೆ ನೋಡ್ಲಿಕ್ಕೆ ಗೊತ್ತಿರಲಿಲ್ಲ.

ಹಾಗಾಗಿ ನಾನು ಹೇಳುದು, ತಾರೀಕು ಮತ್ತು ಕಿಲೋಮೀಟರ್ ಎರಡೂ ಒಟ್ಟಿಗೆ ಇರುವ ಯಾವ ಕಾಗದ ಸಿಕ್ಕಿದ್ರೂ ಅದು ಚಿನ್ನ. ಆಯಿಲ್ ಸ್ಟಿಕ್ಕರ್ ಬಾಗಿಲ ಕಂಬದಲ್ಲಿ ಉಂಟಾ, ಗ್ಲಾಸಿನ ಮೇಲೆ ಮೂಲೆಯಲ್ಲಿ ಉಂಟಾ, ಡ್ಯಾಶ್‌ಬೋರ್ಡ್ ಡ್ರಾಯರಿನ ತಳದಲ್ಲಿ ವೀಲ್ ಅಲೈನ್‌ಮೆಂಟಿನ ಹಳೇ ಚೀಟಿ ಉಂಟಾ ನೋಡಿ. ಇನ್ಶೂರೆನ್ಸ್ ಮಧ್ಯದಲ್ಲಿ ಲ್ಯಾಪ್ಸ್ ಆಗಿ ಪುನಃ ಮಾಡಿಸಿದ್ರೆ ಇನ್‌ಸ್ಪೆಕ್ಷನ್ ಅಂತ ಗಾಡಿ ಫೋಟೋ ತೆಗೀತಾರೆ, ಅದರಲ್ಲಿ ಮೀಟರಿನ ಫೋಟೋ ಸಹ ಇರ್ತದೆ. ಎಲ್ಲಕ್ಕಿಂತ ಮುಖ್ಯ ಕಂಪನಿ ಸರ್ವಿಸ್ ಸೆಂಟರಿನ ಹಿಸ್ಟರಿ, ಅದು ಅವರ ಕಂಪ್ಯೂಟರಲ್ಲಿ ಇರುದು, ಮಾರುವವರ ಕೈಯಲ್ಲಿ ಇಲ್ಲ. ಹೊರಗೆ ಮಾಡಿಸಿದ್ದು ಅಂದ್ರೂ ಸುರುವಿನ ಫ್ರೀ ಸರ್ವಿಸ್‌ಗಳಾದ್ರೂ ಅಲ್ಲೇ ಆಗಿರ್ತದೆ. ಈಗ ಓನರ್ ಇಲ್ಲದೆ ಕೆಲವು ಕಡೆ ಕೊಡುದಿಲ್ಲ, ಓನರನ್ನೇ ಕರ್ಕೊಂಡು ಹೋಗಿ. ಘಾಟಿಯಲ್ಲಿ ಹೋಗುವ ಗಾಡಿ, ಅದೂ ಹುಷಾರಿಲ್ಲದ ಅಪ್ಪನನ್ನು ಕೂರಿಸಿಕೊಂಡು, ಅವಸರ ಮಾಡ್ಬೇಡಿ.

ಮೈಸೂರು ಮೇಷ್ಟ್ರು

ಎಲ್ಲರ ಮಾತೂ ಸರಿ, ಆದ್ರೆ ಕಮ್ಮಿ ಓಡಿರೋ ಗಾಡಿ ಅಂದ್ರೆಲ್ಲಾ ಮೋಸ ಅಂತ ತೀರ್ಮಾನ ಮಾಡೋದು ಬೇಡ. ನಮ್ಮ ಸೋದರತ್ತೆ ಗಾಡಿ ಒಂಬತ್ತು ವರ್ಷಕ್ಕೆ 24 ಸಾವಿರ ಓಡಿತ್ತು, ಮನೆಯಿಂದ ದೇವಸ್ಥಾನ, ದೇವಸ್ಥಾನದಿಂದ ಮಗಳ ಮನೆ, ಅಷ್ಟೇ. ಮಾರೋಕೆ ಹೋದಾಗ ಬಂದವರೆಲ್ಲ ಮೀಟರ್ ತಿರುಗಿಸಿದ್ದೀರಿ ಅಂತ ಮುಖದ ಮೇಲೇ ಹೇಳಿ ಹೋದ್ರು, ಅವರಿಗೆ ಎಷ್ಟು ನೋವಾಯ್ತು ಗೊತ್ತಾ. ಕೊನೆಗೆ ತೊಗೊಂಡವರು ಅವರ ಫೈಲ್ ನೋಡಿ ತೊಗೊಂಡ್ರು, ವರ್ಷಕ್ಕೊಂದು ಸರ್ವಿಸ್ ಬಿಲ್, ಒಂದೊಂದರ ಮೇಲೂ ಕಿಲೋಮೀಟರ್, 2,600, 5,100, 7,900 ಹೀಗೆ ಮೆಟ್ಟಿಲು ಹತ್ತಿದ ಹಾಗೆ. ನಿಜವಾಗ್ಲೂ ಕಮ್ಮಿ ಓಡಿಸಿದವರ ಹತ್ರ ಸಾಮಾನ್ಯವಾಗಿ ಇಂಥ ಕಾಗದ ಇರುತ್ತೆ. ನಿಮ್ಮ ಕೇಸಲ್ಲಿ ಕಮ್ಮಿ ಕಿಲೋಮೀಟರ್ ಅಂತ 80-85 ಸಾವಿರ ಜಾಸ್ತಿ ಕೇಳ್ತಿದಾರೆ, ಆದ್ರೆ ಅದಕ್ಕೆ ಒಂದು ಚೀಟಿನೂ ಇಲ್ಲ, ನನಗೆ ಅಲ್ಲೇ ಅನುಮಾನ.

ಇನ್ನೊಂದು ಉಪಾಯ ಇದೆ, ಫಾಸ್ಟ್ಯಾಗ್ ಸ್ಟೇಟ್‌ಮೆಂಟ್ ಕೇಳಿ. 2021ರ ಫೆಬ್ರವರಿಯಿಂದ ಫಾಸ್ಟ್ಯಾಗ್ ಕಡ್ಡಾಯ ಆಯ್ತಲ್ಲ, ಹೈವೇಲಿ ಓಡಿದ ಗಾಡಿ ಯಾವ ಟೋಲ್ ಯಾವತ್ತು ದಾಟಿದೆ ಅಂತ ಎಲ್ಲಾ ಅದರಲ್ಲಿ ಬರುತ್ತೆ. ಒಂದು ಗಾಡಿ ವಾರ ವಾರ ಕಣಿಮಿಣಿಕೆ ಟೋಲಲ್ಲೂ ಗಣಂಗೂರು ಟೋಲಲ್ಲೂ ಕಾಣಿಸ್ತಿದ್ರೆ ಅದು ಬೆಂಗಳೂರು ಮೈಸೂರು ಓಡ್ತಿದೆ ಅಂತ, ಹೋಗಿ ಬರೋಕೆ ಹತ್ತತ್ರ 280 ಕಿಲೋಮೀಟರ್, ತಿಂಗಳಿಗೆ ನಾಲ್ಕು ಸಲ ಅಂದ್ರೆ ವರ್ಷಕ್ಕೆ 13 ಸಾವಿರದ ಮೇಲೆ ಬರೀ ಆ ಓಡಾಟನೇ ಆಯ್ತು. ಆಫೀಸಿಗೆ ಮಾತ್ರ ಓಡ್ಸಿರೋದು ಅನ್ನೋ ಮಾತು ಅಲ್ಲೇ ಬಿದ್ದು ಹೋಗುತ್ತೆ.

ಲಾ ಓದ್ತಿರೋಳು

ಕಾನೂನಿನ ಕಡೆಯಿಂದ ಸ್ವಲ್ಪ ಹೇಳ್ತೀನಿ. ಮಾತಲ್ಲಿ ಜೆನ್ಯೂನ್ ಕಿಲೋಮೀಟರ್ ಅಂತಾರಲ್ವಾ, ಅದನ್ನೇ ಅಗ್ರಿಮೆಂಟಲ್ಲಿ ಬರೆದುಕೊಡಿ ಅಂತ ಕೇಳಿ, ಇವತ್ತಿನ ಮೀಟರ್ ರೀಡಿಂಗ್ ಇಷ್ಟು, ಇದನ್ನ ಬದಲಾಯಿಸಿಲ್ಲ, ಬದಲಾಯಿಸಿದ್ದು ಗೊತ್ತಾದ್ರೆ ದುಡ್ಡು ವಾಪಸ್ ಅಂತ ಒಂದೇ ಒಂದು ಸಾಲು. ಗಾಡಿ ಸರಿ ಇದ್ರೆ ಅದನ್ನ ಬರೆಯೋಕೆ ಏನು ಕಷ್ಟ. ಸುಮಾರು ಕಡೆ ಡೆಲಿವರಿ ನೋಟಿನ ಕೆಳಗೆ ಸಣ್ಣ ಅಕ್ಷರದಲ್ಲಿ ಕಿಲೋಮೀಟರಿಗೆ ನಾವು ಜವಾಬ್ದಾರರಲ್ಲ ಅಂತ ಹಾಕಿರ್ತಾರೆ, ಸೈನ್ ಮಾಡೋ ಮುಂಚೆ ಓದಿ. ಜಾಹೀರಾತಿನ ಸ್ಕ್ರೀನ್‌ಶಾಟ್, ವಾಟ್ಸಾಪ್ ಮೆಸೇಜ್, ದುಡ್ಡು ಕೊಟ್ಟ ಯುಪಿಐ ರಸೀದಿ ಯಾವುದನ್ನೂ ಡಿಲೀಟ್ ಮಾಡ್ಬೇಡಿ.

ಆಮೇಲೆ ಮೋಸ ಗೊತ್ತಾದ್ರೆ, ವ್ಯಾಪಾರ ಮಾಡೋ ಡೀಲರ್ ಮೇಲೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು, ಎರಡು ವರ್ಷದ ಒಳಗೆ ದೂರು ಕೊಡ್ಬೇಕು, 5 ಲಕ್ಷದ ತನಕ ಫೀಸ್ ಇಲ್ಲ. ಮೊದಲು 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಬಹುದು. ಬೇಕು ಅಂತಲೇ ಸುಳ್ಳು ಹೇಳಿ ದುಡ್ಡು ತೊಗೊಂಡಿದ್ರೆ ವಂಚನೆ ಅಂತ ಪೊಲೀಸ್ ಕಂಪ್ಲೇಂಟೂ ಕೊಡಬಹುದು, ಹಳೇ 420 ಈಗ ಭಾರತೀಯ ನ್ಯಾಯ ಸಂಹಿತೆಯಲ್ಲಿ 318 ಆಗಿದೆ. ಆದ್ರೆ ಇದೆಲ್ಲಾ ಅಲೆದಾಟ, ಟೋಕನ್ ಕೊಡದೇ ಇರೋದೇ ನಿಮಗೆ ಸುಲಭ.

ಹಾಸನದ ಹುಡುಗ

ಎಲ್ರಿಗೂ ತುಂಬಾ ಥ್ಯಾಂಕ್ಸ್, ನಾಲ್ಕು ದಿನ ಆದ್ಮೇಲೆ ಬರೀತಿದ್ದೀನಿ. ಟೋಕನ್ ಕೊಡ್ಲಿಲ್ಲ. ಮಾರನೇ ದಿನ ಬೆಳಗ್ಗೆ ಹೋಗಿ ಟೈರ್ ನೋಡ್ದೆ, ನಾಲ್ಕೂ 2023ರವು, ಸ್ಟೆಪ್ನಿ ಧೂಳು ಒರೆಸಿ ನೋಡಿದ್ರೆ 4419, ಗ್ಯಾರೇಜ್ ಅಣ್ಣ ಹೇಳಿದ ಹಾಗೇ ಸವೆದಿತ್ತು. ಮ್ಯಾಟ್ ಎತ್ತಿದ್ರೆ ಹಿಮ್ಮಡಿ ಜಾಗದಲ್ಲಿ ಕಾರ್ಪೆಟ್ ತೂತಾಗಿ ಅದಕ್ಕೆ ಒಳಗಿಂದ ಬೇರೆ ತುಂಡು ಅಂಟಿಸಿದಾರೆ. ಅಗ್ರಿಮೆಂಟಲ್ಲಿ ಆ ಒಂದು ಸಾಲು ಬರೆದುಕೊಡಿ ಅಂದಿದ್ದಕ್ಕೆ ನಮ್ಮಲ್ಲಿ ಆ ಪದ್ಧತಿ ಇಲ್ಲ ಅಂದ್ರು.

ಅಷ್ಟಕ್ಕೇ ಬಿಡಬಹುದಿತ್ತು, ಆದ್ರೆ ಅಪ್ಪನ ಪರಿಚಯದವರೊಬ್ಬರಿಗೆ ಆರ್‌ಸಿಲಿ ಇದ್ದ ಓನರ್ ಗೊತ್ತಿದ್ರು. ಫೋನ್ ಮಾಡ್ದೆ. ಪಾಪ ಒಳ್ಳೇ ಮನುಷ್ಯ, ನಾನು ಎಕ್ಸ್‌ಚೇಂಜಿಗೆ ಕೊಟ್ಟಾಗ 1,37,000 ಆಗಿತ್ತಲ್ಲಪ್ಪ ಅಂದ್ರು. ಮಗಳು ಬೆಂಗಳೂರಲ್ಲಿ ಓದ್ತಿದ್ಲಂತೆ, ವಾರ ವಾರ ಹೋಗಿ ಬರ್ತಿದ್ರಂತೆ. ಅವರೇ ನನ್ನ ಜೊತೆ ಸರ್ವಿಸ್ ಸೆಂಟರಿಗೆ ಬಂದ್ರು, ಅವರ ಮೊಬೈಲಿಗೆ ಬಂದ ಓಟಿಪಿ ಕೊಟ್ಟು ಹಿಸ್ಟರಿ ತೆಗೆಸಿದ್ರು, ಕೊನೇ ಎಂಟ್ರಿ 1,31,760. ಗಾಡಿ ಕೊಟ್ಟು ಏಳು ತಿಂಗಳಾಗಿದೆ, ಆರ್‌ಸಿ ಇನ್ನೂ ಅವರ ಹೆಸರಲ್ಲೇ ಇದೆ, ಹೆಸರು ವರ್ಗಾವಣೆ ಮಾಡೋ ಫಾರಂ 29, 30ಕ್ಕೆ ಸೈನ್ ಹಾಕಿಸ್ಕೊಂಡು ಹಾಗೇ ಇಟ್ಕೊಂಡಿದಾರೆ. ನನ್ನ ಹೆಸರು ಹೇಳಿ ಸುಳ್ಳು ಮಾರ್ತಿದಾರಲ್ಲ ಅಂತ ಅವರಿಗೆ ತುಂಬಾ ಬೇಜಾರಾಯ್ತು.

ಹುಬ್ಬಳ್ಳಿ ಗ್ಯಾರೇಜ್

ಬಚಾವಾದಿ ತಮ್ಮಾ. ಆ ಓನರ್‌ಗೆ ಹೇಳು, ಆ ಗಾಡಿ ನಾಳೆ ಎಲ್ಲರೆ ಗುದ್ದಿದ್ರ ನೋಟಿಸ್ ಅವರ ಮನಿಗೇ ಬರತೈತಿ, ಮೊದಲು ಆರ್‌ಟಿಒ ಆಫೀಸಿಗೆ ಹೋಗಿ ವಿಚಾರಿಸ್ಲಿ. ಮತ್ತ 1,37,000 ಓಡಿದ ಡಿಸೈರ್ ಕೆಟ್ಟ ಗಾಡಿ ಅಂತ ಅಲ್ಲ, ಆ ಡೀಸೆಲ್ ಇಂಜಿನ್ ಟೈಮಿಂಗ್ ಚೈನ್ ಇರೋದು, ಆಯಿಲ್ ಟೈಮಿಗೆ ಬದಲಿ ಮಾಡಿದ್ರ ಇನ್ನೂ ಭಾಳ ಓಡತೈತಿ. ಆದ್ರ 58 ಸಾವಿರ ಅಂತ ನಂಬಿದವ ಕ್ಲಚ್, ಸಸ್ಪೆನ್ಷನ್ ಕಡೆ ನೋಡೂದ ಇಲ್ಲ, ಘಾಟಿನ್ಯಾಗ ಅದ ಕುತ್ತಿಗಿಗೆ ಬರತೈತಿ.

ಹಾಸನದ ಹುಡುಗ

ಹೇಳಿದೀನಿ ಅಣ್ಣ, ಸೋಮವಾರ ಹೋಗ್ತಾರಂತೆ. ಈಗ ಸಕಲೇಶಪುರದಲ್ಲಿ ಒಬ್ರು ಓನರ್ ಹತ್ರನೇ ಇನ್ನೊಂದು ಡಿಸೈರ್ ಸಿಕ್ಕಿದೆ, 2017ರದು, 1,18,000 ಓಡಿದೆ, 3.90 ಕೇಳ್ತಿದಾರೆ. ಬಿಲ್ಲೆಲ್ಲಾ ಒಂದು ಪ್ಲಾಸ್ಟಿಕ್ ಕವರಲ್ಲಿ ಇಟ್ಟಿದಾರೆ, 92 ಸಾವಿರಕ್ಕೆ ಕ್ಲಚ್ ಸೆಟ್ ಹಾಕ್ಸಿದ ಬಿಲ್ಲೂ ಇದೆ. ಶನಿವಾರ ನಮ್ಮೂರ ಮೆಕ್ಯಾನಿಕ್ ಕರ್ಕೊಂಡು ಹೋಗಿ ಲಿಫ್ಟ್ ಮೇಲೆ ಹಾಕ್ಸಿ ನೋಡ್ತೀನಿ, ಟೈರ್ ನಂಬರ್ ಮತ್ತೆ ಕೆಳಗಿನ ಫೋಟೋ ಎಲ್ಲಾ ಇಲ್ಲಿ ಹಾಕ್ತೀನಿ, ಒಂದ್ಸಲ ನೋಡಿ ಹೇಳಿ.