ಜಿಟಿಎಕ್ಸ್ 1050 ಟಿಐ ಕಾರ್ಡಿಗೆ ನೂವೋ ಸಾಕಾ, ಎನ್‌ವಿಡಿಯಾ ಡ್ರೈವರೇ ಬೇಕಾ?

ಪ್ರಶ್ನೆ:
ನಮಸ್ಕಾರ. ಮನೆಯ ಹಳೇ ಡೆಸ್ಕ್‌ಟಾಪ್‌ಗೆ ಉಬುಂಟು ಹಾಕಿದ್ದೇನೆ. ಕಾರ್ಡ್ ಜಿಟಿಎಕ್ಸ್ 1050 ಟಿಐ, 4 ಜಿಬಿ. ಈಗ ನೂವೋ ಡ್ರೈವರ್ (ಎನ್‌ವಿಡಿಯಾ ಕಾರ್ಡುಗಳಿಗೆ ಹೊರಗಿನವರು ಬರೆದ ಮುಕ್ತ ಡ್ರೈವರ್) ಮೇಲೆ ಓಡುತ್ತಿದೆ. ಬ್ರೌಸರ್, ಟೈಪಿಂಗ್ ಎಲ್ಲ ಆರಾಮ. 3ಡಿ ಚಿತ್ರ ಮಾಡುವ ಬ್ಲೆಂಡರ್ ತೆರೆದರೆ ಮಾತ್ರ ತೆವಳುತ್ತದೆ. ಮುಕ್ತ ತಂತ್ರಾಂಶ ಬೇಕು ಅಂತಲೇ ಲಿನಕ್ಸ್‌ಗೆ ಬಂದವನು ನಾನು. ಒಳಗೇನಿದೆ ಅಂತ ಯಾರಿಗೂ ಕಾಣದ ಡ್ರೈವರ್ ಹಾಕಲು ಮನಸ್ಸಿಲ್ಲ. ಏನಾದರೂ ಸೆಟ್ಟಿಂಗ್ ಬದಲಿಸಿ ನೂವೋದಲ್ಲೇ ವೇಗ ಹೆಚ್ಚಿಸಬಹುದಾ?

ಉತ್ತರ 1:
'ಅಡಿಷನಲ್ ಡ್ರೈವರ್ಸ್' ತೆರೆದು ಎನ್‌ವಿಡಿಯಾದ 580 ಡ್ರೈವರ್ ಆರಿಸಿ, ರೀಸ್ಟಾರ್ಟ್ ಮಾಡಿ. ಸೆಕ್ಯೂರ್ ಬೂಟ್ ಆನ್ ಇದ್ದರೆ ನಡುವೆ ನೀಲಿ ಪರದೆ ಬರುತ್ತದೆ. ಅಲ್ಲಿ 'ಎನ್‌ರೋಲ್ ಎಂಒಕೆ' ಒತ್ತಿ ಪಾಸ್‌ವರ್ಡ್ ಕೊಡಿ. ಅದನ್ನು ದಾಟಿಸಿಬಿಟ್ಟರೆ ಡ್ರೈವರ್ ಲೋಡ್ ಆಗಲ್ಲ.

ಉತ್ತರ 2:
ನಿಮ್ಮ ಕಾರ್ಡಲ್ಲಿ ನೂವೋ ವೇಗ ಹೆಚ್ಚಿಸಲು ದಾರಿಯಿಲ್ಲ. ಇದರಲ್ಲಿ ನೂವೋ ಬರೆದವರ ತಪ್ಪಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕಾರ್ಡ್ ಶುರುವಾಗುವುದು ಕಡಿಮೆ ಕ್ಲಾಕ್‌ನಲ್ಲಿ, ಅಂದರೆ ಕಡಿಮೆ ವೇಗದಲ್ಲಿ. ಆಮೇಲೆ ಅದನ್ನು ಏರಿಸುವುದು ಡ್ರೈವರ್ ಕೆಲಸ. ಜಿಟಿಎಕ್ಸ್ 900 ಸರಣಿಯಿಂದ ಈ ಕೆಲಸಕ್ಕೆ ಎನ್‌ವಿಡಿಯಾದ ಡಿಜಿಟಲ್ ಸಹಿ ಇರುವ ಫರ್ಮ್‌ವೇರ್ (ಕಾರ್ಡಿನೊಳಗೆ ಓಡುವ ಪುಟ್ಟ ತಂತ್ರಾಂಶ) ಬೇಕು. ನಿಮ್ಮ ಕಾರ್ಡಿಗೆ ಬೇಕಾದದ್ದು ನೂವೋ ಕೈಗೆ ಸಿಗಲೇ ಇಲ್ಲ. ಹಾಗಾಗಿ ಕಾರ್ಡ್ ಶುರುವಾದ ಕ್ಲಾಕ್‌ನಲ್ಲೇ ನಿಂತಿರುತ್ತದೆ. ಅದಕ್ಕಿಂತ ಹಳೆಯ ಕೆಪ್ಲರ್ ಕಾರ್ಡುಗಳಲ್ಲಿ ಕ್ಲಾಕ್ ಅನ್ನು ಕೈಯಾರೆ ಏರಿಸಬಹುದು. 2018ರ ಟ್ಯೂರಿಂಗ್ ಪೀಳಿಗೆಯಿಂದ ಈಚೆಗೆ ಕಾರ್ಡಿನೊಳಗಿನ ಜಿಎಸ್‌ಪಿ ಎಂಬ ಪ್ರೊಸೆಸರ್ ಅದನ್ನು ನೋಡಿಕೊಳ್ಳುತ್ತದೆ, ನೂವೋ ಕೇಳಿಕೊಂಡರೆ ಸಾಕು. ನಿಮ್ಮದು 2016ರ ಪ್ಯಾಸ್ಕಲ್ ಪೀಳಿಗೆ. ಎರಡರ ನಡುವೆ ಸಿಕ್ಕಿಕೊಂಡಿದೆ.

2022ರಲ್ಲಿ ಎನ್‌ವಿಡಿಯಾ ತನ್ನ ಡ್ರೈವರನ್ನು ಮುಕ್ತ ಮಾಡಿತು ಅಂತ ಓದಿರುತ್ತೀರಿ, ಅಲ್ವಾ? ಮುಕ್ತವಾಗಿದ್ದು ಕರ್ನಲ್ (ಲಿನಕ್ಸ್‌ನ ತಿರುಳು) ಒಳಗಿನ ಭಾಗ ಮಾತ್ರ, ಅದೂ ಟ್ಯೂರಿಂಗ್ ಮತ್ತು ನಂತರದ ಕಾರ್ಡುಗಳಿಗೆ. ಅದರಲ್ಲಿ ಚಿತ್ರ ಬಿಡಿಸುವ ಓಪನ್‌ಜಿಎಲ್, ವಲ್ಕನ್, ಲೆಕ್ಕ ಮಾಡುವ ಕುಡಾ ಭಾಗಗಳು ಇವತ್ತಿಗೂ ಮುಚ್ಚಿಯೇ ಇವೆ.

ಆದ್ದರಿಂದ ಈಗ 580 ಹಾಕಿಕೊಳ್ಳಿ, ಕೆಲಸ ನಿಲ್ಲಬಾರದು. ಆದರೆ ಪ್ಯಾಸ್ಕಲ್‌ಗೆ ಅದೇ ಕೊನೆಯ ಸರಣಿ. ಮುಂದೆ ಕರ್ನಲ್ ಬದಲಾದಾಗ, ಕರ್ನಲ್‌ಗೆ ಹೊಂದಿಸುವ ತೆಳುವಾದ ಭಾಗವನ್ನು ಹೊರಗಿನವರು ತಿದ್ದಬಹುದು. ಒಳಗಿನದನ್ನು ಮುಟ್ಟಲೂ ಆಗದು. ನನಗೆ ಬೇಜಾರಾಗುವುದು ಇಲ್ಲೇ. ಕಾರ್ಡ್ ಗಟ್ಟಿಯಾಗಿದ್ದರೂ ಅದರ ಆಯಸ್ಸು ಬೇರೆಯವರ ಕೈಯಲ್ಲಿ.

ಎನ್‌ವಿಡಿಯಾದ ಪ್ರತಿಸ್ಪರ್ಧಿ ಎಎಂಡಿ ಕಡೆ ನೋಡಿ. ಅವರ ಕಾರ್ಡುಗಳ ರಾಡ್‌ವಿ ಎಂಬ ವಲ್ಕನ್ ಡ್ರೈವರನ್ನು 2016ರಲ್ಲಿ ಶುರು ಮಾಡಿದ್ದು ಎಎಂಡಿಯವರಲ್ಲ, ಡೇವ್ ಏರ್ಲಿ ಮತ್ತು ಬಾಸ್ ನ್ಯೂವೆನ್‌ಹೌಜನ್. ಆಮೇಲೆ ವಾಲ್ವ್ ಎಂಬ ಗೇಮ್ ಕಂಪನಿಯೂ ಕೈ ಜೋಡಿಸಿತು. 2025ರಲ್ಲಿ ಎಎಂಡಿ ತನ್ನದೇ ವಲ್ಕನ್ ಡ್ರೈವರ್ ಎಎಂಡಿವಿಎಲ್‌ಕೆಯ ಕೆಲಸ ನಿಲ್ಲಿಸಿ ರಾಡ್‌ವಿ ಬೆನ್ನಿಗೆ ನಿಂತಿತು. ಮಾಹಿತಿ, ಕೋಡ್ ಹೊರಗಿದ್ದರೆ ಮಾತ್ರ ಇಂಥದ್ದು ಸಾಧ್ಯ.

ಪ್ರಶ್ನೆ ಕೇಳಿದವರು:
ಈಗ ಅರ್ಥವಾಯಿತು, ತುಂಬಾ ಥ್ಯಾಂಕ್ಸ್. ಹಾಗಾದರೆ ಮುಂದೆ ಸೆಕೆಂಡ್ ಹ್ಯಾಂಡ್ ಎಎಂಡಿ ಆರ್‌ಎಕ್ಸ್ 6600 ತಗೊಂಡರೆ ಬ್ಲೆಂಡರ್ ನಡೆಯುತ್ತದಾ?

ಉತ್ತರ 2:
ನಡೆಯುತ್ತದೆ. ಡ್ರೈವರ್ ಕರ್ನಲ್ ಮತ್ತು ಮೆಸಾ (ಮುಕ್ತ ಗ್ರಾಫಿಕ್ಸ್ ಡ್ರೈವರುಗಳ ಕಟ್ಟು) ಜೊತೆಗೇ ಬಂದಿರುತ್ತದೆ. ಬ್ಲೆಂಡರ್‌ನಲ್ಲಿ ಕೆಲಸ ಮಾಡುವ ವ್ಯೂಪೋರ್ಟ್ ಕಿಟಕಿ, ವೇಗದ ರೆಂಡರರ್ ಈವೀ ಎರಡಕ್ಕೂ ಅಷ್ಟು ಸಾಕು. ಬ್ಲೆಂಡರ್‌ನ ಇನ್ನೊಂದು ರೆಂಡರರ್ ಸೈಕಲ್ಸ್ ಕಾರ್ಡ್ ಮೇಲೆ ಓಡಬೇಕಾದರೆ ಎಚ್‌ಐಪಿ (ಎಎಂಡಿ ಕಾರ್ಡ್ ಮೇಲೆ ಲೆಕ್ಕ ಓಡಿಸುವ ತಂತ್ರಾಂಶ) ಪ್ಯಾಕೇಜನ್ನು ಬೇರೆಯಾಗಿ ಹಾಕಬೇಕು. ದಿನವಿಡೀ ಸೈಕಲ್ಸ್ ರೆಂಡರ್ ಮಾಡುವವರಾದರೆ ಎನ್‌ವಿಡಿಯಾದ ಆರ್‌ಟಿಎಕ್ಸ್ ಕಾರ್ಡೇ ಜಾಸ್ತಿ ವೇಗ, ಅದನ್ನು ಮುಚ್ಚಿಡಲ್ಲ. ಇನ್ನೊಂದು, 4ಕೆ 120 ಹರ್ಟ್ಸ್ ಮಾನಿಟರ್ ಇದ್ದರೆ ಡಿಸ್‌ಪ್ಲೇಪೋರ್ಟ್ ಕೇಬಲ್ಲನ್ನೇ ಬಳಸಿ. ಎಎಂಡಿಯ ಮುಕ್ತ ಡ್ರೈವರಿನಲ್ಲಿ ಆ ವೇಗಕ್ಕೆ ಬೇಕಾದ ಎಚ್‌ಡಿಎಂಐ 2.1 ಸೇರಿಸಲು 2024ರಲ್ಲಿ ಆ ಮಾನದಂಡ ನೋಡಿಕೊಳ್ಳುವ ಎಚ್‌ಡಿಎಂಐ ಫೋರಂ ಒಪ್ಪಿರಲಿಲ್ಲ.