ಗಂಜೀಫದ ಎಲೆಗಳು ಮತ್ತು ಒಂದು ಹಾಸು: ಇವು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದವೇ?

ಪ್ರಶ್ನೆ

ಹಳೆಯ ಆಟದ ಹಾಸುಗಳನ್ನೂ ಮಣೆಗಳನ್ನೂ ಕೂಡಿಡುವ ಹವ್ಯಾಸ ನನಗೆ ಕೆಲವು ವರ್ಷಗಳಿಂದ ಇದೆ. ಕಳೆದ ತಿಂಗಳು ಹಳೆಯ ವಸ್ತುಗಳ ವ್ಯಾಪಾರಿಯೊಬ್ಬರಿಂದ ಮರದ ಪೆಟ್ಟಿಗೆಯೊಂದನ್ನು ಕೊಂಡೆ. ಅದರಲ್ಲಿ ಬಣ್ಣ ಬಳಿದ, ದುಂಡನೆಯ 108 ಗಂಜೀಫದ ಎಲೆಗಳಿವೆ (ಗಂಜೀಫ ಎಂದರೆ ಇಸ್ಪೀಟಿನಂತಹ ಹಳೆಯ ಎಲೆಯಾಟ). ಇವು ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ ರೂಪಿಸಿದ ‘ಛದ’ ಆಟದ ಎಲೆಗಳೆಂದು ಮಾರಿದವರು ಹೇಳಿದರು. ಎಲೆಗಳನ್ನು ಸುತ್ತಿಕೊಟ್ಟ ಹಳೆಯ ಬಟ್ಟೆಯಲ್ಲಿ 64 ಮನೆಗಳಿದ್ದು, ಪ್ರತಿ ಮನೆಯಲ್ಲೂ ಕನ್ನಡದ ಅಂಕಿಯೊಂದು ಕ್ರಮವಿಲ್ಲದೆ ಬರೆದಂತಿದೆ. ಇದು ಅದೇ ಎಲೆಯಾಟದ ಹಾಸು ಎಂಬುದು ಅವರ ವಿವರಣೆ. ಇದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂದು ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1

ಮೈಸೂರು ಸೀಮೆಯ ಯಾವ ಹಳೆಯ ಆಟದ ವಸ್ತು ಸಿಕ್ಕರೂ ಅದಕ್ಕೆ ಮುಮ್ಮಡಿಯವರ ಹೆಸರು ಅಂಟಿಸುವುದು ಮಾರುವವರಿಗೆ ರೂಢಿಯಾಗಿಬಿಟ್ಟಿದೆ. ಹೆಸರು ಅಂಟಿದೊಡನೆ ಬೆಲೆಯೂ ಏರುತ್ತದೆ. ಆದ್ದರಿಂದ ಮೊದಲು ಎಣಿಸಿ, ಆಮೇಲೆ ನಂಬಿ.

‘ಛದ’ ಎಂದರೆ ಸಂಸ್ಕೃತದಲ್ಲಿ ಎಲೆ. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡ ಮೇಲೆ ಮುಮ್ಮಡಿಯವರು (1794–1868) ವಿದ್ಯೆ, ಕಲೆ, ವಿನೋದಗಳಲ್ಲಿ ಇನ್ನಷ್ಟು ತೊಡಗಿಕೊಂಡರು. ಅವರ ಹೆಸರಿನ, ಒಂಬತ್ತು ನಿಧಿಗಳ (ಭಾಗಗಳ) ‘ಶ್ರೀತತ್ತ್ವನಿಧಿ’ ಗ್ರಂಥದ ಕೌತುಕನಿಧಿಯಲ್ಲಿ ಛದದ ಹದಿಮೂರು ಆಟಗಳ ವಿವರಣೆಯಿದೆ. ಅವುಗಳಲ್ಲಿ ಚಿಕ್ಕದಕ್ಕೆ 36 ಎಲೆಗಳಾದರೆ ದೊಡ್ಡದಕ್ಕೆ 360; ಚಾಮುಂಡೇಶ್ವರಿ ಛದಕ್ಕೆ ಹದಿನಾರು ಜಾತಿಗಳಲ್ಲಿ (ಒಂದೇ ಚಿಹ್ನೆಯ ಎಲೆಗಳ ಗುಂಪೇ ಜಾತಿ) ಒಟ್ಟು 320. ಇಷ್ಟು ಎಲೆಗಳನ್ನು ಕೈಯಲ್ಲಿ ಹಿಡಿದು ಆಡುತ್ತಿದ್ದವರ ಬೆರಳುಗಳನ್ನು ನೆನೆದರೆ ನನಗೆ ಇಂದಿಗೂ ಬೆರಗಾಗುತ್ತದೆ.

ನಿಮ್ಮ ಪೆಟ್ಟಿಗೆಯ ವಿಷಯಕ್ಕೆ ಬರುವುದಾದರೆ, ಒಂದೊಂದು ಜಾತಿಯಲ್ಲಿ ಚಿತ್ರದ ಎಲೆಗಳು ಎಷ್ಟಿವೆ ಎಂಬುದನ್ನು ನೋಡಬೇಕು. ಸಾಮಾನ್ಯ ಗಂಜೀಫದಲ್ಲಿ ರಾಜ ಮತ್ತು ಮಂತ್ರಿ ಎಂಬ ಎರಡೇ ಚಿತ್ರಗಳೂ ಒಂದರಿಂದ ಹತ್ತರವರೆಗಿನ ಎಣಿಕೆಯ ಎಲೆಗಳೂ ಸೇರಿ ಜಾತಿಗೆ ಹನ್ನೆರಡಾಗುತ್ತವೆ. ಛದದ ಹಲವು ಆಟಗಳಲ್ಲಾದರೋ ಹನ್ನೆರಡು ಎಣಿಕೆಯ ಎಲೆಗಳ ಜೊತೆಗೆ ಆರು ಚಿತ್ರಗಳಿದ್ದು ಜಾತಿಗೆ ಹದಿನೆಂಟಾಗುತ್ತವೆ; ಕೃಷ್ಣರಾಜ ಛದಕ್ಕೆ 72 ಎಲೆ ಬರುವುದು ಹೀಗೆ, ನಾಲ್ಕು ಜಾತಿಗಳಿಂದ. ನಿಮ್ಮಲ್ಲಿ ರಾಜ, ಮಂತ್ರಿ ಮಾತ್ರ ಇದ್ದರೆ ಛದದ ಮಾತನ್ನು ಅಲ್ಲಿಗೇ ಬಿಡಬಹುದು. ಒಂಬತ್ತು ಜಾತಿಗಳ ನವಗ್ರಹ ಗಂಜೀಫಕ್ಕೆ ಸರಿಯಾಗಿ 108 ಎಲೆಗಳಿರುತ್ತವೆ, ದಶಾವತಾರಕ್ಕೆ 120. ಸಂಖ್ಯೆ ಕೂಡಿಬಂತೆಂದು ಅವಸರದಲ್ಲಿ ನವಗ್ರಹ ಎಂದುಬಿಡಬೇಡಿ, ಚಿಹ್ನೆಗಳನ್ನು ನೋಡಿ.

ಉತ್ತರ 2

ಮೇಲಿನವರ ಮಾತಿಗೆ ನನ್ನ ಒಪ್ಪಿಗೆಯಿದೆ, ಆದರೆ ನನ್ನ ಕುತೂಹಲವೆಲ್ಲ ಆ ಬಟ್ಟೆಯ ಮೇಲಿದೆ. ಗಂಜೀಫಕ್ಕೆ ಮನೆ ಬರೆದ ಹಾಸು ಬೇಕಿಲ್ಲ. ಎಲೆಗಳನ್ನು ಬೋರಲಾಗಿ ಹರಡಿ ಕಲಸಲು ಒಂದು ಬರಿಯ ಬಟ್ಟೆ ಸಾಕು. 64 ಮನೆಗಳಲ್ಲಿ ಅಂಕಿಗಳು ಚದುರಿವೆ ಎಂದಿರಿ. ಒಂದರ ಮನೆಯಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಚದುರಂಗದ ಕುದುರೆಯ ನಡೆಯಲ್ಲಿ ಹೋಗಲು ಆಗುತ್ತದೆಯೇ ಎಂದು ಬೆರಳಿಟ್ಟು ನೋಡಿ. ಕುದುರೆಯು ಯಾವ ಮನೆಗೂ ಎರಡನೆಯ ಸಲ ಕಾಲಿಡದೆ ಇಡೀ ಹಾಸನ್ನು ಸುತ್ತುವ ಸಮಸ್ಯೆಯನ್ನು ಮುಮ್ಮಡಿಯವರು ಬಹಳ ಪ್ರೀತಿಯಿಂದ ಬಿಡಿಸುತ್ತಿದ್ದರು. 64ರಿಂದ ಮತ್ತೆ ಒಂದಕ್ಕೆ ಅದೇ ನಡೆಯಲ್ಲಿ ಮರಳಬಹುದಾದರೆ ಸುತ್ತು ಮುಚ್ಚಿಕೊಂಡಿತು ಎಂದರ್ಥ. ಪ್ರತಿ ಸಾಲು, ಪ್ರತಿ ಕಂಬದ ಮೊತ್ತವೂ 260 ಆದರೆ ಅದು ಇನ್ನೂ ಅಪರೂಪದ ಬಗೆ. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಇಂತಹ ಆಟದ ಹಾಸುಗಳ ಚಿತ್ರಗಳಿವೆ; ಹೋಲಿಸಿ ನೋಡಲು ಅದು ತಕ್ಕ ಜಾಗ.

ಉತ್ತರ 3

ಎರಡು ಎಚ್ಚರಿಕೆಗಳು. ಎಲೆಗಳು ದಂತದವಾಗಿದ್ದರೆ ಅವುಗಳ ಮಾರಾಟ ನಮ್ಮ ದೇಶದಲ್ಲಿ ಅಪರಾಧ. ನೂರು ವರ್ಷ ದಾಟಿದ ಕಲಾವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವುದಕ್ಕೂ 1972ರ ಕಾಯಿದೆಯ ತಡೆಯಿದೆ. ಇನ್ನೊಂದು, ಎಲೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಲೇಬಾರದು. ನಾನು ಮೊದಲ ವರ್ಷ ಹಾಗೆ ಒರೆಸಿ ಒಬ್ಬ ಮಂತ್ರಿಯ ಮುಖವನ್ನೇ ಅಳಿಸಿದ್ದೇನೆ. ಒಣಗಿದ ಮೃದುವಾದ ಕುಂಚ ಸಾಕು.

ಪ್ರಶ್ನೆ ಕೇಳಿದವರಿಂದ

ತಮ್ಮೆಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಎಲೆಗಳನ್ನು ಜಾತಿವಾರು ಹರಡಿ ಎಣಿಸಿದೆ. ಮೀನು, ಆಮೆ, ಹಂದಿ ಎಲ್ಲವೂ ಇರುವುದರಿಂದ ಇದು ದಶಾವತಾರವೇ. ಚಿತ್ರಗಳು ರಾಜ, ಮಂತ್ರಿ ಮಾತ್ರ. ಕೊಡಲಿಯ ಜಾತಿಯಲ್ಲಿ ಐದೇ ಎಲೆಗಳು ಉಳಿದಿವೆ. ಆ ಏಳಲ್ಲದೆ ಇನ್ನೈದು ಎಲೆಗಳು ಬೇರೆ ಬೇರೆ ಜಾತಿಗಳಿಂದ ಕಳೆದುಹೋಗಿವೆ; 120 ಇರಬೇಕಾದಲ್ಲಿ 108 ಇರುವುದು ಹೀಗೆ. ಎಲೆಗಳು ದಂತದವಲ್ಲ, ಬಟ್ಟೆಯ ಪದರಗಳ ಮೇಲೆ ಬಣ್ಣ ಹಚ್ಚಿದಂಥವು.

ಬಟ್ಟೆಯ ಮೇಲೆ ಬೆರಳಿಟ್ಟು ಒಂದರಿಂದ 64ರವರೆಗೂ ನಡೆದೆ. ಒಂದು ಕಡೆಯೂ ಕುದುರೆಯ ನಡೆ ತಪ್ಪಲಿಲ್ಲ, 64ರಿಂದ ಒಂದಕ್ಕೂ ಮರಳಿತು. ಸಾಲುಗಳ ಮೊತ್ತ ಮಾತ್ರ 260 ಬರುವುದಿಲ್ಲ. ಮುಂದಿನ ವಾರ ಬಟ್ಟೆಯ ಚಿತ್ರ ತೆಗೆದುಕೊಂಡು ಜಗನ್ಮೋಹನ ಅರಮನೆಗೆ ಹೋಗುತ್ತಿದ್ದೇನೆ. ಮಾರಿದವರು ಆ ಬಟ್ಟೆಗೆ ನನ್ನಿಂದ ಒಂದು ರೂಪಾಯಿಯನ್ನೂ ತೆಗೆದುಕೊಂಡಿರಲಿಲ್ಲ.